ತುಟಿ ಊ, ನಾಲಿಗಿ ಈ

ಆಕ್ಷೀ — ಮತ್ತೊಂದು, ಪಾಪ, ಹುಬ್ಬಳ್ಳಿಯಿಂದ ಬಂದ ದುಭಾಷಿ ಇಂಡಿಕಾ ಕಾರಿನ ಗಾಜು ಏರಿಸಿಕೊಂಡು ಕುಂತರೂ ಸೀನಾಕತ್ತಾನ, ಬ್ಯಾಡಗಿ ಪ್ಯಾಟಿಯ ಮೆಣಸಿನಕಾಯಿ ಘಾಟು ತಡಿಲಾರದವ ಫ್ರೆಂಚ್ ಏನ್ ಮಾತಾಡ್ಯಾನು, ಶ್ವೇತಾಗ ನಗು ಬಂತು, ಸೆರಗಿನೊಳಗ ನುಂಗಿದಳು, ಎದುರಿಗೇ ಮಾವ ಪ್ರಭುಲಿಂಗಪ್ಪ, ಅಡತಿ ಅಂಗಡಿಯ, ಅಂದ್ರ ದಲಾಲಿ ಅಂಗಡಿಯ ಗಾದಿ ಮ್ಯಾಲೆ, ಬಾಜೂಕ ಅವರ ಟಾವೆಲ್ಲು — ಆ ಟಾವೆಲ್ಲಿನ ಜಾಗಾ ವ್ಯಾಪಾರದ ಪಾಲುದಾರರದು, ಈ ಮನಿ ಹೆಣ್ಣುಮಕ್ಕಳು ಯಾರೂ ಅಲ್ಲಿ ಕುಂತಿಲ್ಲ — ನಿನಗ ಬರತೈತೇನವಾ ಆ ಭಾಷಾ, ಅಂದರು ಮಾವ, ಈ ಫ್ರೆಂಚ್ ಮೇಡಮ್ಮು ನಮ್ಮ ಮಾಲಿಗೆ ಒಪ್ಪಿದ್ಲಂದ್ರ ಇವತ್ತಿಂದ ನೀ ಇಲ್ಲೇ ಕುಂದ್ರು, ಇಲ್ಲಾಂದ್ರ ಇನ್ನೊಮ್ಮಿ ಅಂಗಡಿ ಮಾತು ಎತ್ತಬ್ಯಾಡ — ಬರತೈತ್ರಿ ಮಾವಾರ, ಅಂದುಬಿಟ್ಟಾಳ, ಅಂದದ್ದು ಖರೇನ ಐತಿ, ಧಾರವಾಡದಾಗ ಕಲಿತದ್ದು ಎಲ್ಲಿ ಹೋಗತೈತಿ. ಮೇಡಮ್ಮು ತುಟಿಗೆ ಹಚ್ಚೋ ಬಣ್ಣದ ಕಂಪನಿಯಾಕಿ, ಬಣ್ಣಕ್ಕಂತ ಮೆಣಸಿನಕಾಯಿ ಕೊಳ್ಳಾಕ ಬಂದಾಕಿ, ಕಣ್ಣಾಗ ನೀರು ಇಳಿದರೂ ಗಟ್ಟಿಗಿತ್ತಿ, ಕಾಯಿ ಮುರದು ಬೆಳಕಿಗೆ ಹಿಡದು ಕೇಳ್ತಾಳ, ಇದು ಶುದ್ಧ ಐತೇನು, ಏನೂ ಬೆರಸಿಲ್ಲಲ್ಲ — ಶ್ವೇತಾ ತಟ್ಟನೆ ಪ್ಯೂರ್ ಅಂದಳು, ಮೇಡಮ್ಮಿನ ಹುಬ್ಬು ಗಂಟಾತು. ಥೂ, ಇಂಗ್ಲಿಷ್ ಬಾಯಿ, ಫ್ರೆಂಚಿನಾಗೂ ಅದೇ ಶಬ್ದ, ಸ್ವರ ಮಾತ್ರ ಬ್ಯಾರೆ!

ಇಂಗ್ಲಿಷ್ ಕಲಿತವರದೆಲ್ಲಾ ಇದೇ ಹಾಡು, ಧಾರವಾಡದ ಫ್ರೆಂಚ್ ಮಾಸ್ತರು ಬೈತಿದ್ದರು, ನಡುವ ಒಂದು ಯಕಾರ ತುರುಕಿ ಜಾರಿಬಿಡ್ತೀರಿ, ಜಾರಬಾರದು, ಅದು ಒಂದೇ ಸ್ವರ, ನಾಲಿಗಿ ಈ ಅನ್ನಲಿ, ತುಟಿ ಊ ಅನ್ನಲಿ — ಹಾಸ್ಟೆಲಿನ ಕನ್ನಡಿ ಮುಂದ ನಿಂತು ನಿಂತು ಸಾಕಾಗಿತ್ತು, ಬಂದದ್ದು ಎಲ್ಲಿ ಅಂದ್ರ ಮದಿವಿ ಆದಮ್ಯಾಲೆ, ಅತ್ತಿ ಮುತ್ತವ್ವನ ಒಲಿ ಮುಂದ, ಊದವಾ, ಬೆಂಕಿ ಆರಾಕತ್ತೈತಿ, ಅಂದಳು ಅತ್ತಿ, ಶ್ವೇತಾ ಊದುಗೊಳವಿಗೆ ತುಟಿ ದುಂಡಗ ಮಾಡಿ, ಗೊಳವಿ ತಗದು, ತುಟಿ ಹಂಗ ಇಟ್ಟು ಒಳಗಿಂದ ಈ ಅಂದಳು, ಬಂತು ನೋಡು! ಕನ್ನಡದಾಗ ಅಕ್ಷರಾನ ಇಲ್ಲದ ಸ್ವರ — ಏ ಅಂತ ತುಟಿ ದುಂಡಗ ಮಾಡಿದ್ರ ಮತ್ತೊಂದು — ಅಯ್ಯ ಶಿವನ, ಸೊಸಿಗೆ ಗಾಳಿ ಹೊಡದೈತಿ, ಅಂತ ಮುತ್ತವ್ವ ನಿಂಬಿಹಣ್ಣು ನಿವಾಳಿಸಿ ಮೂರು ದಾರಿ ಕೂಡೋ ಕಡೆ ಒಗದು ಬಂದಳು, ಮುಂದ ಮೂಗಿನ ಸ್ವರ ರೂಢಿ ಮಾಡುವಾಗ, ಅರ್ಧ ಉಸಿರು ಬಾಯಿಗೆ, ಅರ್ಧ ಮೂಗಿಗೆ, ನಾಲಿಗಿ ತಾಗಿಸಿ ನ್ ಅನ್ನಂಗಿಲ್ಲ, ಓಣಿಗೆಲ್ಲಾ ಸಾರಿದಳು, ನನ್ನ ಸೊಸಿಗೆ ನೆಗಡಿ ಬಿಡವಲ್ತು ಅಂತ, ಕಷಾಯಾನೂ ಕುಡಿಸಿದಳು, ಪುಣ್ಯಾತ್ಗಿತ್ತಿ.

ಈಗ ಒಲಿ ಇಲ್ಲ, ಗೊಳವಿ ಇಲ್ಲ, ಹಮಾಲರು ಚೀಲ ಹೊತ್ತುಕೊಂಡು ನಿಂತು ನೋಡಾಕತ್ತಾರ, ನೋಡ್ಲಿ ಬಿಡು, ತುಟಿ ದುಂಡಗ ಮಾಡಿ, ನಾಲಿಗಿ ಮುಂದಕ್ಕ ತಂದು, ಅಂದಳು, ಶುದ್ಧ ಐತಿ ಅಂತ, ಇಡೀ ಅಂಗಡಿಗೆ ಕೇಳೂವಂಗ — ಮೇಡಮ್ಮಿನ ಮುಖ ಅರಳಿತು, ಬೋಂ, ಅಂದ್ರ ಚಲೋ, ಅಂದಳು, ಮೂಗಿನಾಗ, ಆಮ್ಯಾಲೆ ಗಡಗಡ ಮಾತು, ಬಣ್ಣ ಎಷ್ಟು ದಿನ ನಿಲ್ಲತೈತಿ, ಯಾವ ಹೊಲದ್ದು, ಶ್ವೇತಾ ಎಲ್ಲಾದಕ್ಕೂ ಉತ್ತರ ಕೊಟ್ಟಳು, ಅಗದೀ ಖುಷಿ ಆತು ಆಕಿಗೆ, ಎದಿ ಉಬ್ಬಿತು. ಏನಂದ್ಲವಾ? ಒಪ್ಪ್ಯಾಳ್ರಿ ಮಾವಾರ, ಮುಂದಿನ ವರ್ಷದ ಮಾಲೂ ನಮ್ಮ ಕಡೇನ ಅಂತ. ಪ್ರಭುಲಿಂಗಪ್ಪ ಬಾಜೂಕಿನ ಟಾವೆಲ್ಲು ಎತ್ತಿ ಹೆಗಲಿಗೆ ಹಾಕ್ಕೊಂಡರು, ಚೂರು ಸರದರು, ಖರೇನ ಸರದರು, ಶ್ವೇತಾ ಚಪ್ಪಲಿ ಬಿಟ್ಟಳು, ಗಾದಿ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು, ಇನ್ನ ಕುಂದರೂದು ಅಷ್ಟ — ಗಾದಿ ಅಂಬೋ ಗಾದಿಯೆಲ್ಲಾ ಮೆಣಸಿನಕಾಯಿ ಧೂಳಿಗೆ ಕೆಂಪಾಗೈತಿ, ಟಾವೆಲ್ಲು ಇದ್ದ ಜಾಗಾ ಒಂದ ಬೆಳ್ಳಗ, ಚೌಕ, ಹೆಣ್ಣುಮಕ್ಕಳು ಯಾರೂ ಕುಂತಿಲ್ಲ ಅಲ್ಲಿ, ಎಷ್ಟು ಬೆಳ್ಳಗೈತಿ, ಬೆಳ್ಳಗ —