ಓಸ್ಟಿಯಾದ ಹಗೇವು

ಮೌಖಿಕ ಪರೀಕ್ಷೆಗೆ ಇನ್ನೂ ಒಂದು ಗಂಟೆ ಇರುವಾಗ ಸೌಂದರ್ಯಳಿಗೆ ತನ್ನ ಪ್ರಬಂಧದ ನಾಲ್ಕನೆಯ ಅಧ್ಯಾಯ ತಪ್ಪೆಂದು ಗೊತ್ತಾಯಿತು.

ಅವಳು ಪುರಾತತ್ವ ಎಂ.ಎ.ಯ ಕೊನೆಯ ಸೆಮಿಸ್ಟರ್‌ನಲ್ಲಿದ್ದಳು. ಪ್ರಬಂಧದ ವಿಷಯ ಓಸ್ಟಿಯಾ, ರೋಮ್ ನಗರದ ಹಳೆಯ ಬಂದರು ಪಟ್ಟಣ. ಪಾಸಾದರೆ ಜೂನ್‌ನಲ್ಲಿ ಅಲ್ಲೇ ಉತ್ಖನನ ತರಬೇತಿ. ವಿಭಾಗಕ್ಕೆ ಸಿಕ್ಕಿದ್ದು ಒಂದೇ ಸೀಟು. ಪ್ರಬಂಧ ತಿರಸ್ಕೃತವಾದರೆ ಅದು ಮತ್ತೊಬ್ಬರ ಪಾಲಾಗುತ್ತಿತ್ತು.

ಹೊರಗಿನ ಪರೀಕ್ಷಕರು ಬರಲಾಗದ್ದರಿಂದ ಪರೀಕ್ಷೆ ವಿಡಿಯೊದಲ್ಲಿತ್ತು. ಮೊಳಕಾಲ್ಮುರು ಕಡೆಯ ಅವಳ ಊರು ದೇವಸಮುದ್ರದಲ್ಲಿ ನೆಟ್‌ವರ್ಕ್ ನಂಬುವಂತಿಲ್ಲ. ಹಾಗಾಗಿ ಹಿಂದಿನ ದಿನವೇ ಚಳ್ಳಕೆರೆಗೆ, ಸೋದರಮಾವ ರಾಮಾಂಜನೇಯನ ಮನೆಗೆ ಬಂದಿದ್ದಳು. ಅಜ್ಜಿ ಯರ್ರಮ್ಮನೂ ಹಟ ಹಿಡಿದು ಜೊತೆಗೆ ಬಂದಿದ್ದಳು. ಪ್ರಬಂಧಕ್ಕೆ ಮಾಹಿತಿ ಕೊಟ್ಟವರ ಪಟ್ಟಿಯಲ್ಲಿ ಅಜ್ಜಿಯ ಹೆಸರೂ ಅಚ್ಚಾಗಿತ್ತು.

ತಪ್ಪು ಆಗಿದ್ದು ಹೀಗೆ. ಓಸ್ಟಿಯಾದ ಕೆಲವು ಗೋದಾಮುಗಳಲ್ಲಿ ದೊಡ್ಡ ಮಣ್ಣಿನ ಗುಡಾಣಗಳನ್ನು ಕುತ್ತಿಗೆಯವರೆಗೆ ನೆಲದಲ್ಲಿ ಹೂತಿದ್ದಾರೆ. ಅದರ ಚಿತ್ರ ನೋಡಿದ ದಿನವೇ ಅವಳಿಗೆ ಹಗೇವು ನೆನಪಾಗಿತ್ತು. ರಾಗಿ, ಜೋಳ ತುಂಬಿ ಬಾಯಿ ಮುಚ್ಚುತ್ತಿದ್ದ ನೆಲದೊಳಗಿನ ಕಣಜ ಅದು. ಯರ್ರಮ್ಮನ ಕಾಲದಲ್ಲಿ ಅವರ ಅಂಗಳದಲ್ಲೇ ಒಂದಿತ್ತು. ನೆಲದಲ್ಲಿ ಹೂತಿದ್ದರೆ ಒಳಗಿರುವುದು ಕಾಳು. ಇದರಲ್ಲಿ ಅನುಮಾನ ಪಡಬೇಕೆಂದೇ ಅವಳಿಗೆ ಅನಿಸಿರಲಿಲ್ಲ. ಅಜ್ಜಿಯನ್ನು ಕೂರಿಸಿಕೊಂಡು ವಿವರ ಕೇಳಿ, ಗುಡಾಣಗಳಲ್ಲಿ ಗೋಧಿ ಇತ್ತೆಂದು ಅಧ್ಯಾಯ ಬರೆದಳು.

ಈಗ, ಕೊನೆಯ ಬಾರಿ ಚಿತ್ರಗಳನ್ನು ದೊಡ್ಡದು ಮಾಡಿ ನೋಡುವಾಗ, ಒಂದು ಗುಡಾಣದ ಅಂಚಿನಲ್ಲಿ ಕೊರೆದ ಅಂಕಿ ಕಂಡಿತು. ಉತ್ಖನನದ ವರದಿ ತೆಗೆದಳು. ಅಂಕಿಗಳು ಆಂಫೊರಾ ಲೆಕ್ಕದವು ಎಂದಿತ್ತು. ಒಂದು ಆಂಫೊರಾ ಎಂದರೆ ಸುಮಾರು ಇಪ್ಪತ್ತಾರು ಲೀಟರ್. ಅದು ದ್ರವದ ಅಳತೆ. ಕಾಳಿಗೆ ರೋಮನ್ನರ ಅಳತೆಯೇ ಬೇರೆ. ಗುಡಾಣಗಳಲ್ಲಿ ಇದ್ದದ್ದು ಎಣ್ಣೆ ಅಥವಾ ದ್ರಾಕ್ಷಾರಸ.

"ಮಾವ, ನಾನು ಮುಳುಗಿದೆ" ಎಂದಳು.

ರಾಮಾಂಜನೇಯ ಎಣ್ಣೆ ಮಿಲ್ಲಿನಲ್ಲಿ ಫಿಟ್ಟರ್. ಪೂರ್ತಿ ಕೇಳಿಸಿಕೊಂಡ. "ಕೇಳಿದ್ರೆ ಹೇಳು. ಕೇಳ್ದಿದ್ರೆ ಸುಮ್ಕಿರು. ಅಷ್ಟು ದಪ್ಪ ಪುಸ್ತಕ ಯಾವನು ಓದಿರ್ತಾನೆ?"

"ಓದೋದೇ ಅವರ ಕೆಲಸ."

"ಏಮ್ಮಾ, ಎಣ್ಣೇನ ನೆಲದಾಗೆ ಹೂಳ್ತಿದ್ರಾ?" ಯರ್ರಮ್ಮನಿಗೆ ನಂಬಿಕೆ ಬರಲಿಲ್ಲ. "ಚಳ್ಳಕೆರೆ ತುಂಬ ಎಣ್ಣೆ ಮಿಲ್ಲು ಅದಾವೆ. ಯಾವನಾದ್ರೂ ಹೂತಿದ್ದು ನೋಡೀಯಾ? ಆ ನನ್ ಮಕ್ಳಿಗೆ ತಲೆ ಕೆಟ್ಟಿತ್ತಾ?"

"ನೀನೇ ನನ್ನ ತಲೆ ಕೆಡಿಸಿದ್ದು ಅಜ್ಜಿ."

"ನಾನು ನಮ್ ಹಗೇವು ಹೇಳ್ದೆ. ಅವರದ್ದು ನಾನೆಲ್ಲಿ ನೋಡಿದ್ದೆ?"

ಸೌಂದರ್ಯ ವರದಿಯ ಆ ಪುಟವನ್ನು ತೆರೆದೇ ಇಟ್ಟುಕೊಂಡಳು.

ಹತ್ತಕ್ಕೆ ಪರದೆಯ ಮೇಲೆ ಇಬ್ಬರು ಕಾಣಿಸಿಕೊಂಡರು. ಒಬ್ಬರು ಅವಳ ಮಾರ್ಗದರ್ಶಕಿ ಸುಲೋಚನಮ್ಮ. ಇನ್ನೊಬ್ಬರು ಪರೀಕ್ಷಕರು, ಬಿಳಿ ಮೀಸೆ, ನಗುವಿಲ್ಲದ ಮುಖ. ಮೊದಲ ಮೂರು ಅಧ್ಯಾಯಗಳ ಪ್ರಶ್ನೆಗಳು ಸುಲಭವಾಗಿಯೇ ಮುಗಿದವು. ಪರೀಕ್ಷಕರು ಕನ್ನಡಕ ಸರಿಪಡಿಸಿಕೊಂಡು ನಾಲ್ಕನೆಯದರ ಹಾಳೆ ತಿರುವಿದರು. ಅವರು ಬಾಯಿ ತೆರೆಯುವ ಮೊದಲೇ ಸೌಂದರ್ಯ ಹೇಳಿಬಿಟ್ಟಳು:

"ಸರ್, ಈ ಅಧ್ಯಾಯದ ತೀರ್ಮಾನ ತಪ್ಪು. ಗುಡಾಣಗಳಲ್ಲಿ ಕಾಳು ಇರಲಿಲ್ಲ."

ಸುಲೋಚನಮ್ಮನ ಹುಬ್ಬು ಮೇಲೇರಿತು. ಬಾಗಿಲಲ್ಲಿ ನಿಂತಿದ್ದ ರಾಮಾಂಜನೇಯ ಹಣೆ ಚಚ್ಚಿಕೊಂಡ.

"ಯಾವಾಗ ಗೊತ್ತಾಯಿತು?"

"ಈಗ ಬೆಳಿಗ್ಗೆ."

ಅವಳು ಅಂಕಿಗಳ ವಿಷಯ ವಿವರಿಸಿದಳು.

"ಅಂಕಿ ಬಿಡಿ," ಎಂದರು ಪರೀಕ್ಷಕರು. "ಅಂಕಿಯೇ ಇಲ್ಲ ಎಂದುಕೊಳ್ಳಿ. ಆಗ ಹೇಗೆ ಸಾಧಿಸುತ್ತೀರಿ?"

ಅವಳು ತಡವರಿಸಿದಳು. ಅಜ್ಜಿ ಹೇಳಿದ್ದನ್ನೆಲ್ಲ ಮನಸ್ಸಿನಲ್ಲಿ ಒಂದೊಂದಾಗಿ ನೋಡತೊಡಗಿದಳು. ಹಗೇವಿಗೆ ಗಟ್ಟಿ ನೆಲ ಬೇಕು, ನೀರು ಜಿನುಗಬಾರದು, ಒಳಗೆ ಹುಲ್ಲು ಹಾಸಬೇಕು.

"ನೆಲದಿಂದ ಸರ್. ಓಸ್ಟಿಯಾ ಟೈಬರ್ ನದಿ ಸಮುದ್ರ ಸೇರುವ ಕಡೆ ಇದೆ. ನೆಲ ತೇವ. ಅಲ್ಲಿನ ಧಾನ್ಯದ ಗೋದಾಮುಗಳಲ್ಲಿ ಗಾಳಿಯಾಡಲೆಂದು ನೆಲಹಾಸನ್ನೇ ಎತ್ತರಿಸಿ ಕಟ್ಟಿದ್ದಾರೆ. ತೇವಕ್ಕೆ ಅಷ್ಟು ಹೆದರುವವರು ಕಾಳನ್ನು ಹೂಳುವುದಿಲ್ಲ. ನಮ್ಮ ಮೊಳಕಾಲ್ಮುರು ಕಡೆ ನೆಲ ಒಣ, ಅದಕ್ಕೇ ಹೂಳಿದ್ದು. ನಾನು ಓಸ್ಟಿಯಾವನ್ನು ನಮ್ಮೂರು ಅಂದುಕೊಂಡೆ."

ಪರೀಕ್ಷಕರು ಏನನ್ನೋ ಬರೆದುಕೊಂಡರು. "ಹಗೇವಿನೊಳಗೆ ಇಳಿಯುವಾಗ ಉಸಿರು ಕಟ್ಟಿ ಸತ್ತವರಿದ್ದಾರೆ ಎಂದು ಕೇಳಿದ್ದೇನೆ. ಅದು ನಿಮ್ಮ ಪ್ರಬಂಧದಲ್ಲಿಲ್ಲ."

"ಮೊದಲು ದೀಪ ಇಳಿಬಿಡಬೇಕ್ರಿ!" ಪಕ್ಕದಿಂದ ಯರ್ರಮ್ಮ ಕೂಗಿದಳು. ಮರುಕ್ಷಣವೇ ಪರದೆಯಲ್ಲಿ ಅವಳ ಅರ್ಧ ಮುಖ ಮೂಡಿತು. "ದೀಪ ಆರಿದ್ರೆ ಮನುಷ್ಯ ಇಳಿಬಾರ್ದು. ಇವಳು ಅದನ್ನ ಕೇಳ್ಲೇ ಇಲ್ಲ ನೋಡ್ರಿ."

"ಅಜ್ಜೀ!"

ಬಿಳಿ ಮೀಸೆಯವರು ನಕ್ಕರು. ಪರೀಕ್ಷೆಯಲ್ಲಿ ಅವರು ನಕ್ಕಿದ್ದು ಅದೊಂದೇ ಸಲ. ಆಮೇಲೆ ಇಬ್ಬರೂ ಕ್ಯಾಮೆರಾ ಆರಿಸಿ ಪ್ರತ್ಯೇಕವಾಗಿ ಮಾತಾಡಿಕೊಂಡರು.

ಅವರು ಮತ್ತೆ ಮಾತಾಡಿದರೆ ಸರಿಯಾಗಿ ಕೇಳಿಸಲೆಂದು ರಾಮಾಂಜನೇಯ ಫ್ಯಾನ್ ನಿಲ್ಲಿಸಿದ.

ಪರದೆ ಮತ್ತೆ ಬೆಳಗಿದಾಗ ಸುಲೋಚನಮ್ಮ ಮಾತಾಡಿದರು. "ಪಾಸ್. ನಾಲ್ಕನೆಯ ಅಧ್ಯಾಯ ಹದಿನೈದು ದಿನದಲ್ಲಿ ತಿದ್ದಿ ಕೊಡಬೇಕು. ಹಗೇವಿನ ಭಾಗ ತೆಗೆಯಬೇಡ; ಎರಡೂ ನೆಲಗಳ ವ್ಯತ್ಯಾಸ ತೋರಿಸಿ ಬರೆ. ಅಂಕದಲ್ಲಿ ಸ್ವಲ್ಪ ಕಡಿತ ಇರುತ್ತೆ."

"ಮೇಡಂ, ಸೀಟು?"

"ಅದಕ್ಕೆ ಬೇಕಾದದ್ದು ಪಾಸ್ ಮಾತ್ರ. ಪಾಸ್‌ಪೋರ್ಟ್ ಪ್ರತಿ ಇವತ್ತೇ ಕಳಿಸು."

ಕರೆ ಮುಗಿಯಿತು. ಸೌಂದರ್ಯ ಲ್ಯಾಪ್‌ಟಾಪ್ ಮುಚ್ಚಿ, ಕುರ್ಚಿಯಿಂದ ಜಾರಿ, ತಣ್ಣನೆಯ ನೆಲದ ಮೇಲೆ ಉದ್ದಕ್ಕೆ ಮಲಗಿಬಿಟ್ಟಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ಎಂದು ರಾಮಾಂಜನೇಯ ಬಗ್ಗಿ ನೋಡಿದ. ನಗುತ್ತಿದ್ದಳು.

"ಏನಂದ್ರು?" ಎಂದು ಕೇಳಿದಳು ಯರ್ರಮ್ಮ.

"ಪಾಸಂತೆ. ಹೋಗಬಹುದಂತೆ."

"ಮತ್ಯಾಕೆ ಬಿದ್ಕಂಡೀಯ? ಏಳು, ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೀನು."

"ಒಂದು ನಿಮಿಷ ಅಜ್ಜಿ," ಎಂದಳು ಸೌಂದರ್ಯ. ಮಲಗಿದಲ್ಲೇ ಫೋನ್ ತೆಗೆದು ಸುಲೋಚನಮ್ಮನಿಗೆ ಪಾಸ್‌ಪೋರ್ಟ್ ಪ್ರತಿ ಕಳಿಸಿದಳು. ಆಮೇಲೆ ಎದ್ದಳು.