ಹಿಂದೆ ನಿಂತವನು

ರಘೋತ್ತಮ ಮೂರನೇ ಸಲ ಅಕ್ಕಿಕಾಳು ಒತ್ತಿದರು. ತಮ್ಮನ ಬಾಯಿ ತೆರೆಯಲಿಲ್ಲ. ಕಾಳುಗಳು ತುಟಿಯಿಂದ ಜಾರಿ, ಚಿದಂಬರ ಬದುಕಿದ್ದಾಗ ಒಮ್ಮೆಯೂ ಹಾಕದ ಕೋಟಿನ ಮೇಲೆ ಬಿದ್ದವು.

"ಬಾಯಿ ಹೊಲಿದುಬಿಟ್ಟಿದಾರೆ ಅಂಕಲ್," ಎಂದ ಪಕ್ಕದಲ್ಲಿದ್ದ ಸ್ವರೂಪ. "ಇಲ್ಲಿ ಹಂಗೇ ಮಾಡೋದು. ಬೇಡ ಅಂತ ಮೊದ್ಲೇ ಹೇಳ್ಬೇಕಿತ್ತು."

"ನಂಗೇನು ಗೊತ್ತು? ಫಾರ್ಮಲ್ಲಿ ಎಲ್ಲದಕ್ಕೂ ಟಿಕ್ ಹಾಕ್ದೆ."

ಫಾರ್ಮಿಂಗ್ಟನ್ ಹಿಲ್ಸ್‌ನ ಆ ಫ್ಯೂನರಲ್ ಹಾಲ್‌ನಲ್ಲಿ ನೂರು ಕುರ್ಚಿ, ಹದಿನಾಲ್ಕು ಜನ. ಎಲ್ಲರೂ ಕನ್ನಡ ಸಂಘದವರು. ಯಾರೋ ಮೆಲ್ಲಗೆ, "ಇವ್ರು ಯಾವ ಕಂಪನೀಲಿದ್ರು?" ಅಂದರು.

"ಸ್ಪೋರ್ಟ್ಸ್ ಮ್ಯಾನೇಜ್‌ಮೆಂಟ್," ಎಂದರು ರಘೋತ್ತಮ.

ಸ್ವರೂಪನಿಗೆ ಮೈ ಉರಿಯಿತು. ಚಿದಂಬರ ಹನ್ನೊಂದು ವರ್ಷ ಸಣ್ಣ ಊರುಗಳ ಐಸ್ ಹಾಕಿ ತಂಡಗಳಲ್ಲಿ ಡಿಫೆಂಡರ್, ಆಮೇಲೆ ಹತ್ತೊಂಬತ್ತು ವರ್ಷ ವಿಕ್ಸಮ್‌ನ ಐಸ್ ರಿಂಕ್‌ನಲ್ಲಿ ಕೋಚ್. ಗೋಲು ಹೊಡೆದವನಲ್ಲ, ಹೊಡೆಯಲು ಬಂದವರಿಗೆ ಅಡ್ಡ ನಿಂತವನು. ಅದನ್ನು ಬಾಯಿಬಿಟ್ಟು ಹೇಳಲು ಅಣ್ಣನಿಗೆ ನಾಚಿಕೆ!

"ರಿಂಕ್‌ನವ್ರಿಗೆ ಯಾಕೆ ಹೇಳ್ಲಿಲ್ಲ?"

"ಗ್ರೂಪಲ್ಲಿ ಹಾಕಿದ್ನಲ್ಲಪ್ಪ."

"ಕನ್ನಡ ಗ್ರೂಪಲ್ಲಿ! ನಂಗೆ ಗೊತ್ತಾಗೋಷ್ಟರಲ್ಲಿ ಟೀಮು ಟೂರ್ನಮೆಂಟ್‌ಗೆ ಶಿಕಾಗೋಗೆ ಹೋಗಿತ್ತು. ಎರಡು ದಿನ ತಡ್ದಿದ್ರೆ ಎಲ್ಲಾ ಬರ್ತಿದ್ರು."

"ಅರೋರಾದಲ್ಲಿ ನಾಳೆ ನಾನೊಂದು ಸರ್ಜರಿ ಮಾಡ್ಬೇಕು."

* * *

ಶಾಲೆ ಬಿಟ್ಟ ವರ್ಷ, ಅಪ್ಪನ ಬೈಗುಳ ತಾಳಲಾರದೆ ಸ್ವರೂಪ ರಿಂಕ್‌ನಲ್ಲೇ ಬಿದ್ದಿರುತ್ತಿದ್ದ. ಚಿದಂಬರ ಮುಂದಿನ ಎರಡು ಕಟ್ಟಿಸಿದ ಹಲ್ಲು ತೆಗೆದು ಕಾಫಿ ಕಪ್‌ಗೆ ಹಾಕಿ ಐಸ್‌ಗೆ ಇಳಿಯುತ್ತಿದ್ದರು. ಹಲ್ಲು ಹೋಗಿದ್ದು ಆಟದ ಗಟ್ಟಿ ರಬ್ಬರ್ ಬಿಲ್ಲೆ, ಪಕ್, ಬಡಿದು.

"ತುಂಬಾ ನೋವಾಯ್ತಾ ಕೋಚ್?"

"ಗೋಲಾಗ್ಲಿಲ್ಲ ಕಣೋ."

ಸ್ಕೇಟುಗಳ ಬ್ಲೇಡು ಸಾಣೆ ಹಿಡಿಯುವ ಕೆಲಸ ಕೊಡಿಸಿದ್ದೂ ಅವರೇ. ಒಂದು ಮ್ಯಾಚಿನಲ್ಲಿ ಎದುರಾಳಿ ಹುಡುಗಿಯೊಬ್ಬಳು ಕಾಲು ಮುರಿದುಕೊಂಡಳು. ಸ್ಟ್ರೆಚರ್ ಹೊರಟಾಗ ಎರಡೂ ತಂಡದವರು ಸ್ಟಿಕ್ಕುಗಳನ್ನು ಐಸ್‌ಗೆ ಕುಟ್ಟಿದರು. ರಿಂಕ್ ಗುಡುಗಿತು.

"ನಾವು ಚಪ್ಪಾಳೆ ತಟ್ಟಲ್ಲ," ಎಂದರು ಚಿದಂಬರ. "ಹೋಗೋರಿಗೆ ಬೆನ್ನ ಹಿಂದೆ ಇದು ಕೇಳಿಸ್ಬೇಕು."

ಮೇಲಿನ ಖಾಲಿ ಬೆಂಚುಗಳ ನಡುವೆ, ಸೀರೆಯ ಮೇಲೆ ದಪ್ಪ ಜಾಕೆಟ್ ಹಾಕಿಕೊಂಡ ಮುದುಕಿಯೊಬ್ಬರು ಕೂತಿದ್ದರು.

"ನಮ್ಮಮ್ಮ. ಒಂದು ರೂಲೂ ಗೊತ್ತಿಲ್ಲ. ಆದ್ರೂ ಒಂದು ಮ್ಯಾಚೂ ಬಿಡಲ್ಲ."

* * *

ದಹನದ ಕೋಣೆಗೆ ಸ್ವರೂಪ ಕಾರಿನಿಂದ ತನ್ನ ಹಾಕಿ ಸ್ಟಿಕ್ ತಂದ.

"ಇದೇನ್ ಆಟದ ಜಾಗಾನಾ? ಹೊರಗಿಟ್ಟು ಬಾ," ಎಂದರು ರಘೋತ್ತಮ.

"ಅಕ್ಕಿ ಒಳಗೆ ಹೋಗ್ಲಿಲ್ಲ ಅಂಕಲ್. ಈ ಸದ್ದಾದ್ರೂ ಅವರ ಜೊತೆ ಹೋಗ್ಲಿ."

"ಜನ ಏನಂತಾರೆ?"

"ಯಾವ ಜನ? ಇಲ್ಲಿರೋರಲ್ಲಿ ಒಬ್ರಾದ್ರೂ ಕೋಚ್ ಆಡಿದ್ದು ನೋಡಿದೀರಾ?"

"ನಾನು ನೋಡಿದೀನಿ," ಎಂದರು ಮುಂದೆ ಕೂತಿದ್ದ ಚಿದಂಬರನ ತಾಯಿ ಅನುಸೂಯಮ್ಮ. ಬೆಳಗಿನಿಂದ ಅವರು ಆಡಿದ ಮೊದಲ ಮಾತು ಅದು. "ರಘು, ಅವನನ್ನ ಬಿಡು."

ರಘೋತ್ತಮ ತಾಯಿಯ ಮುಖ ನೋಡಲಿಲ್ಲ. ದಹನಯಂತ್ರದ ಗುಂಡಿ ಒತ್ತಿದರು. ಪೆಟ್ಟಿಗೆ ಒಳಕ್ಕೆ ಸರಿಯತೊಡಗಿತು.

ಸ್ವರೂಪ ಸಿಮೆಂಟ್ ನೆಲಕ್ಕೆ ಸ್ಟಿಕ್ ಕುಟ್ಟಿದ. ಒಂದು. ಎರಡು. ನಲವತ್ತು ಸ್ಟಿಕ್ಕುಗಳ ಗುಡುಗು ಬರಬೇಕಿದ್ದಲ್ಲಿ ಬಾಗಿಲು ಬಡಿದಷ್ಟೇ ಸದ್ದು. ಸಂಘದವರು ತಮ್ಮ ಬೂಟು ನೋಡಿಕೊಂಡರು. ಅವನು ಹಲ್ಲು ಕಚ್ಚಿ ಇನ್ನೂ ಜೋರಾಗಿ ಕುಟ್ಟಿದ.

ಅನುಸೂಯಮ್ಮ ಎದ್ದು ನಿಂತು ತಮ್ಮ ಊರುಗೋಲನ್ನು ನೆಲಕ್ಕೆ ಕುಟ್ಟಿದರು. ತುದಿಗೆ ರಬ್ಬರು. ಸದ್ದೇ ಆಗಲಿಲ್ಲ. ಮತ್ತೆ ಕುಟ್ಟಿದರು. ಆಗಲಿಲ್ಲ.

ಪೆಟ್ಟಿಗೆ ಅರ್ಧ ಒಳಗೆ ಹೋಗಿತ್ತು. ಅವರು ಒಂದು ಕೈಯಲ್ಲಿ ಕುರ್ಚಿ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಊರುಗೋಲನ್ನು ಮೆಲ್ಲಗೆ ತಲೆಕೆಳಗು ಮಾಡಿ, ಮರದ ಹಿಡಿಯನ್ನು ನೆಲಕ್ಕೆ ಕುಟ್ಟಲು ಮೇಲೆತ್ತಿದರು.