ಕಸ್ತೂರಿ ನಡೆದು ತೋರಿಸಿದ ದಿನ

ನಾನು ಒಂದು ವಾಕರ್. ದೊಡ್ಡ ಆಸ್ಪತ್ರೆಗಳಲ್ಲಿ ಮಿರಮಿರ ಮಿಂಚುವ ಜಾತಿಯದಲ್ಲ. ಗುಳೇದಗುಡ್ಡದ ವೆಲ್ಡಿಂಗ್ ಅಂಗಡಿಯ ಹುಸೇನಸಾಬ, ಯಾರದೋ ಮನೆಯ ಗೇಟು ಮಾಡಿ ಉಳಿದ ಪೈಪನ್ನು ಕತ್ತರಿಸಿ, ಬೆಸೆದು, ಹಸಿರು ಬಣ್ಣ ಬಳಿದು ನನ್ನನ್ನು ಹುಟ್ಟಿಸಿದ. ಗೇಟಾಗಿದ್ದರೆ ಜೀವಮಾನವೆಲ್ಲ ಒಂದೇ ಕಡೆ ನಿಲ್ಲಬೇಕಿತ್ತು, ಸದ್ಯ ತಪ್ಪಿತು ಎಂದು ನನಗೆ ಸ್ವಲ್ಪ ಸೊಕ್ಕೂ ಇತ್ತು.

ನನ್ನನ್ನು ಮಾಡಿಸಿದವಳು ನೀಲವ್ವ. ಗಂಡ ತೀರಿಕೊಂಡ ಮೇಲೆ ಮಗ್ಗದವರ ಮನೆಯಲ್ಲಿ ನೂಲು ಸುತ್ತಿ ಬದುಕುತ್ತಿದ್ದಳು. ಮಗಳು ಕಸ್ತೂರಿಗೆ ಹುಟ್ಟಿನಿಂದಲೇ ಕಾಲು ಸೆಟೆದಿದ್ದವು, ಮಾತು ನಿಧಾನ. ಕೆಲಸಕ್ಕೆ ಹೋಗುವಾಗ ನೀಲವ್ವ ಮಗಳನ್ನು ಒಳಗಿಟ್ಟು ಹೊರಗಿನಿಂದ ಬೀಗ ಹಾಕುತ್ತಿದ್ದಳು. ಹುಡುಗಿ ದೊಡ್ಡವಳಾದ ಮೇಲಂತೂ ಆ ಬೀಗವನ್ನು ಎರಡೆರಡು ಸಲ ಎಳೆದು ನೋಡಿ ಹೋಗುತ್ತಿದ್ದಳು.

ನನ್ನನ್ನು ಕಂಡು ಕಸ್ತೂರಿ ಮೊದಲು ಹೆದರಿದಳು, ಆಮೇಲೆ ಗೆಳೆತನ ಬೆಳೆಯಿತು. ಮುಚ್ಚಿದ ಬಾಗಿಲಿನ ಹಿಂದೆ ನಾವಿಬ್ಬರೇ. ಬೀಳುವಳು, ನನ್ನನ್ನು ಬೈಯುವಳು, ಮತ್ತೆ ನನ್ನನ್ನೇ ಹಿಡಿದು ಏಳುವಳು. ಕಡೆಗೊಂದು ದಿನ ಗೋಡೆಯಿಂದ ಒಲೆಯವರೆಗೆ ನಡೆದಳು. ಸಂಜೆ ಬಂದ ತಾಯಿಗೆ ಅದನ್ನು ತೋರಿಸಿದಾಗ ನೀಲವ್ವ ಚೀಲವನ್ನು ಕೆಳಗಿಡುವುದನ್ನೂ ಮರೆತು ಅತ್ತಳು. ಅಂಥ ಖುಷಿಯ ಅಳುವನ್ನು ನಾನು ಆಮೇಲೆ ಕಾಣಲಿಲ್ಲ.

ಅಷ್ಟರಲ್ಲಿ ಶಾಲೆಯಲ್ಲಿ ಅಂಗವಿಕಲರ ತಪಾಸಣೆ ಶಿಬಿರ ನಡೆಯುತ್ತದೆ ಎಂದು ಗೊತ್ತಾಯಿತು. ದೋಷ ಹೆಚ್ಚು ಎಂದು ಬರೆದರೆ ಮಾಸಾಶನ ಹೆಚ್ಚು. ಹಾಗೆ ಬಂದರೆ ಕೆಲಸ ಅರ್ಧಕ್ಕೆ ಇಳಿಸಿ ಮಗಳ ಜೊತೆ ಮನೆಯಲ್ಲಿರಬಹುದು, ಬೀಗ ಬೇಕಾಗುವುದಿಲ್ಲ. ನೀಲವ್ವನ ಆಸೆ ಅಷ್ಟೇ. ಹೊರಡುವ ಮೊದಲು ಮಗಳ ತಲೆ ಬಾಚುತ್ತ, "ನಡಿಯಾಕ ಬರತೈತೇನು ಅಂತ ಕೇಳಿದ್ರ ಇಲ್ಲ ಅನ್ನವ್ವ" ಎಂದಳು. ನನ್ನನ್ನು ಮನೆಯಲ್ಲೇ ಬಿಡಬೇಕೆಂದಿದ್ದಳು. ಕಸ್ತೂರಿ ಹಟ ಹಿಡಿದು ಆಟೋದಲ್ಲಿ ಹಾಕಿಸಿಕೊಂಡಳು.

ಡಾಕ್ಟರು ಪ್ರಶ್ನೆ ಕೇಳುತ್ತಿದ್ದರು, ಪಕ್ಕದವನು ಬರೆದುಕೊಳ್ಳುತ್ತಿದ್ದ. ಊಟ ಯಾರು ಮಾಡಿಸುತ್ತಾರೆ, ಸ್ನಾನ ಯಾರು ಮಾಡಿಸುತ್ತಾರೆ, ಮೂತ್ರ ಬಂದರೆ ತಿಳಿಯುತ್ತದೆಯೇ, ತಿಂಗಳ ಬಟ್ಟೆ ಯಾರು ಬದಲಿಸುತ್ತಾರೆ. ನೀಲವ್ವ ಪಿಸುಗುಟ್ಟಿದಳು. ಕೇಳಿಸುವುದಿಲ್ಲ, ಜೋರಾಗಿ ಹೇಳು ಎಂದ ಬರೆಯುವವನು. ಅವಳು ಜೋರಾಗಿ ಹೇಳಿದಳು. ಹಿಂದಿನ ಸಾಲಿನಲ್ಲಿ ಅವರ ಓಣಿಯವರೇ ನಿಂತಿದ್ದರು. ಕಸ್ತೂರಿಯ ಮುಖ ಕೆಂಪಾಗಿ, ಕತ್ತು ಬಗ್ಗಿಹೋಯಿತು. ಅವರ ಕೆಲಸ ಅವರು ಮಾಡುತ್ತಿದ್ದರು, ನಿಜ. ಆದರೂ ಒಂದು ಪರದೆ ಕಟ್ಟಲು ಎಷ್ಟು ಬಟ್ಟೆ ಬೇಕಿತ್ತು? ನಮ್ಮದು ನೇಕಾರರ ಊರು.

ಕೊನೆಗೆ ನಡೆಯುತ್ತಾಳೆಯೇ ಎಂದು ಕೇಳಿದರು. ಇಲ್ಲ ಎಂದಳು ನೀಲವ್ವ. ಆಗ ಕಸ್ತೂರಿ ತಲೆ ಎತ್ತಿದಳು.

"ಬರತೈತ್ರಿ. ನೋಡ್ರಿ."

ನನ್ನನ್ನು ಹಿಡಿದು ಎದ್ದಳು. ಅಷ್ಟೂ ಜನ ನೋಡುತ್ತಿದ್ದಂತೆ ಮೇಜಿನವರೆಗೆ ನಡೆದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಡಾಕ್ಟರು ಶಭಾಷ್ ಎಂದು ನಕ್ಕು, ಬರೆದದ್ದನ್ನು ಹೊಡೆದುಹಾಕಿಸಿದರು. ನಾನೂ ಹಿಗ್ಗಿದ್ದೆ. ಕಬ್ಬಿಣಕ್ಕೆ ಅಷ್ಟೇ ಬುದ್ಧಿ.

ಮಾಸಾಶನ ಕಡಿಮೆಯದೇ ಮಂಜೂರಾಯಿತು. ನೀಲವ್ವ ಬೈಯಲಿಲ್ಲ, ಹೊಡೆಯಲಿಲ್ಲ. ಮರುದಿನ ಬೀಗ ಕೈಯಲ್ಲಿ ಹಿಡಿದು ಹೊಸ್ತಿಲಲ್ಲಿ ನಿಂತು ಒಂದೇ ಮಾತು ಅಂದಳು.

"ಅವತ್ತೊಂದಿನ ಸುಮ್ಮನ ಕುಂತಿದ್ರ ಆಗ್ತಿತ್ತಲ್ಲವ್ವ."

ಕಸ್ತೂರಿ ಅಂದಿನಿಂದ ನನ್ನನ್ನು ಮುಟ್ಟಲಿಲ್ಲ. ಓಣಿಯ ಹೆಂಗಸರು ಬಂದರೆ ಗೋಡೆಗೆ ಮುಖ ತಿರುಗಿಸುತ್ತಿದ್ದಳು. ಆಡಿದ ಮಾತಿಗೆ ನೀಲವ್ವ ಪಟ್ಟ ಸಂಕಟ ಹೇಳತೀರದು. ಏಳು ನನ್ನವ್ವ, ಒಂದು ಹೆಜ್ಜೆ ಹಾಕು ಎಂದು ಮಗಳ ಕಾಲು ಹಿಡಿದು ಬೇಡಿಕೊಂಡಳು. ಹುಡುಗಿ ಅಲುಗಲಿಲ್ಲ. ವರ್ಷಗಳು ಕಳೆದವು. ಅವಳ ಮೊಣಕಾಲು ಮಡಚಿದಂತೆಯೇ ಬಿಗಿದುಕೊಂಡವು. ನನ್ನನ್ನು ಮೂಲೆಗೆ ಸರಿಸಿದರು. ನನ್ನ ಮೇಲೆ ಬಣ್ಣ ಹಾಕಿದ ನೂಲಿನ ಲಡಿಗಳು ಒಣಗತೊಡಗಿದವು.

ಮರುತಪಾಸಣೆಗೆ ಈ ಸಲ ಒಬ್ಬ ಡಾಕ್ಟರು ಮನೆಗೇ ಬಂದರು. ಅವವೇ ಪ್ರಶ್ನೆಗಳು. ನೀಲವ್ವ ಬಾಯಿ ತೆರೆಯುವ ಮೊದಲೇ ಕಸ್ತೂರಿ ಎಲ್ಲಕ್ಕೂ ತಾನೇ ಉತ್ತರಿಸಿದಳು. ಸ್ನಾನದ್ದು, ಮೂತ್ರದ್ದು, ತಿಂಗಳ ಬಟ್ಟೆಯದು, ಯಾವುದಕ್ಕೂ ದನಿ ತಗ್ಗಿಸಲಿಲ್ಲ. ನಡೆಯಲು ಬರುತ್ತದೆಯೇ ಎಂದಾಗ ಬರೂದಿಲ್ಲ ಎಂದಳು. ಡಾಕ್ಟರು ಮೂಲೆಯ ಕಡೆ ಬೆರಳು ಮಾಡಿ, ಮತ್ತೆ ಅದೇನು ಎಂದು ಕೇಳಿದರು.

ಕಸ್ತೂರಿ ನನ್ನ ಕಡೆ ನೋಡಲೂ ಇಲ್ಲ.

"ನೂಲು ಒಣಾಹಾಕಾಕ ಮಾಡಿಸಿದ್ದೈತ್ರಿ."

ನೀಲವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ಹೊರಗೆ ಹೋದಳು. ಡಾಕ್ಟರು ಮೊಣಕಾಲು ಹಿಡಿದು ನೆಟ್ಟಗೆ ಮಾಡಲು ನೋಡಿದರು. ಅವು ಬಿಚ್ಚಿಕೊಳ್ಳಲಿಲ್ಲ.

ಈಗ ಮಾಸಾಶನ ಹೆಚ್ಚೇ ಬರುತ್ತದೆ. ನೀಲವ್ವ ಮಧ್ಯಾಹ್ನಕ್ಕೆಲ್ಲ ಮನೆಗೆ ಬಂದು ಮಗಳ ಪಕ್ಕ ಕೂರುತ್ತಾಳೆ. ನಾನು ಮುದಿಯಾಗಿದ್ದೇನೆ, ಹಸಿರು ಸಿಪ್ಪೆ ಎದ್ದು ತುಕ್ಕು ಕಾಣುತ್ತಿದೆ. ಕಸ್ತೂರಿಯ ಮೇಲೆ ನನಗೆ ಸಿಟ್ಟಿಲ್ಲ. ಮನೆಗೆ ಬಂದ ಡಾಕ್ಟರಿಗೆ ಅವಳು ಹೇಳಿದ್ದರಲ್ಲಿ ನನ್ನ ಬಗ್ಗೆ ಹೇಳಿದ್ದೊಂದೇ ಸುಳ್ಳು. ನಡೆಯಲು ಬರುವುದಿಲ್ಲ ಎಂದದ್ದು ನಿಜವಾಗಿತ್ತು.